ಬೀಗದ ಬಂಗಲೆಗಳೂ ಘಾಟಿ ಹತ್ತುವ ಸೈಕಲ್ ಹುಡುಗರೂ

ಚಾರ್ಮಾಡಿಯ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿದವರು ಇದನ್ನು ನೋಡದೆ ಇರಲಿಕ್ಕಿಲ್ಲ. ಮಳೆ ಬಿಟ್ಟ ಮೇಲಿನ ದಿನಗಳು. ಎರಡು ಮೂರು ರಜೆ ಒಟ್ಟಿಗೆ ಬಿದ್ದಿರುತ್ತವೆ. ಬಸ್ಸು ತಿರುವಿನಲ್ಲಿ ಉಸಿರು ಕಟ್ಟಿಕೊಂಡು ಹತ್ತುವಾಗ ರಸ್ತೆಯ ಅಂಚಿನಲ್ಲಿ ನಾಲ್ಕೈದು ಸೈಕಲ್ಲುಗಳು. ದಪ್ಪ ಟಯರು, ಗೇರು, ಹಿಂದೆ ಕಟ್ಟಿದ ಗಂಟು. ಹುಡುಗರ ಅಂಗಿ ಬೆವರಿನಲ್ಲಿ ಮುದ್ದೆ. ಕೆಲವೊಮ್ಮೆ ಹುಡುಗಿಯರೂ ಇರುತ್ತಾರೆ.

"ಎಂತ ಹುಚ್ಚು ಮಾರಾಯ್ರೆ ಇವರಿಗೆ? ಬಸ್ಸು ಇಲ್ವಾ?" ಎಂದು ಬಸ್ಸಿನೊಳಗೆ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಉಳಿದವರು ನಗುತ್ತಾರೆ. ಅಣ್ಣಪ್ಪಸ್ವಾಮಿಯ ಗುಡಿಯ ಹತ್ತಿರ ಡ್ರೈವರು ಕೈಮುಗಿದು ಮುಂದೆ ಹೋಗುತ್ತಾನೆ. ಸೈಕಲ್ಲಿನವರನ್ನು ಅಲ್ಲಿಗೆ ಎಲ್ಲರೂ ಮರೆಯುತ್ತಾರೆ.

ಮರೆಯುವ ಮೊದಲು ಒಂದು ಪ್ರಶ್ನೆ ಕೇಳಬೇಕಿತ್ತು. ಇವರು ಇವತ್ತು ರಾತ್ರಿ ಮಲಗುವುದು ಎಲ್ಲಿ?

ಹುಚ್ಚಲ್ಲ, ಹಳೆಯ ದಾರಿ

ಸೈಕಲ್ಲಿನಲ್ಲಿ ಘಾಟಿ ಹತ್ತುವುದು ಹೊಸ ಶೋಕಿ ಎಂದು ಮೂಗು ಮುರಿಯುವವರುಂಟು. ಗುಡ್ಡದ ಸೈಕಲ್ಲು ಹೊರಗಿನಿಂದ ಬಂದದ್ದು ನಿಜ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ದಪ್ಪ ಟಯರಿನ ಹಳೆ ಸೈಕಲ್ಲುಗಳನ್ನು ಹುಡುಕಿ ತಂದು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸಿದರು. ಬ್ರೇಕು ಬಲ ಮಾಡಿದರು, ಗೇರು ಕೂಡಿಸಿದರು. ಅದೇ ಬೆಳೆದು ಈಗ ಮಂಗಳೂರಿನ ಅಂಗಡಿಗಳಲ್ಲಿ ಸಾಲಾಗಿ ನಿಂತಿದೆ.

ಆದರೆ ಘಾಟಿಯನ್ನು ದಿನಗಟ್ಟಲೆ ಹತ್ತಿ ಇಳಿಯುವುದು ಈ ಊರಿಗೆ ಹೊಸತೇ? ಮೇಲಿನ ಸೀಮೆಯ ಕಾಫಿ ಗಾಡಿಯಲ್ಲಿ ಇಳಿದು ಬಂದರಿಗೆ ಬರುತ್ತಿದ್ದ ಕಾಲ ಒಂದಿತ್ತು. ಕೆಳಗಿನ ಉಪ್ಪು, ಒಣಮೀನು ಮೇಲಕ್ಕೆ ಹತ್ತುತ್ತಿದ್ದವು. ಎತ್ತಿಗೂ ಆಳಿಗೂ ಒಂದು ದಿನಕ್ಕೆ ನಡೆಯಲು ಸಾಧ್ಯವಾದಷ್ಟು ದೂರಕ್ಕೊಂದು ತಂಗುವ ಜಾಗ ಬೇಕಿತ್ತು. ಅದಕ್ಕಾಗಿ ದಾರಿಯಲ್ಲಿ ಛತ್ರ, ತಲೆಹೊರೆ ಇಳಿಸಲು ಕಲ್ಲಿನ ಕಟ್ಟೆ, ಬಾಯಾರಿದವರಿಗೆ ನೀರು ಬೆಲ್ಲದ ಅರವಟ್ಟಿಗೆ. ಬ್ರಿಟಿಷರು ಬಂದು ಅದೇ ಲೆಕ್ಕದಲ್ಲಿ ಬಂಗಲೆ ಕಟ್ಟಿಸಿದರು. ಕುದುರೆಯ ಮೇಲೆ ಬರುವ ದೊರೆಗೂ ಸಂಜೆಗೊಂದು ಸೂರು ಬೇಕಲ್ಲ?

ಬಸ್ಸು ಬಂತು, ಕಾರು ಬಂತು. ಬೆಳಿಗ್ಗೆ ಹಂಪನಕಟ್ಟೆಯಲ್ಲಿ ಚಾ ಕುಡಿದವನು ಮಧ್ಯಾಹ್ನದ ಊಟಕ್ಕೆ ಮೂಡಿಗೆರೆಯಲ್ಲಿ. ನಡುವಿನ ತಂಗುದಾಣ ಯಾರಿಗೂ ಬೇಡವಾಯಿತು. ಛತ್ರ ಬಿದ್ದವು, ಕಟ್ಟೆಗಳು ರಸ್ತೆ ಅಗಲ ಮಾಡುವಾಗ ಹೋದವು. ಬಂಗಲೆಗಳು ಮಾತ್ರ ಉಳಿದವು, ಬೀಗ ಹಾಕಿಕೊಂಡು.

ಈಗ ಎತ್ತಿನ ಗಾಡಿಗಿಂತ ಸ್ವಲ್ಪವೇ ಹೆಚ್ಚು ವೇಗದ ಪ್ರಯಾಣಿಕ ಮತ್ತೆ ಅದೇ ದಾರಿಗೆ ಬಂದಿದ್ದಾನೆ. ಘಾಟಿಯ ಏರಿನಲ್ಲಿ ಹೊರೆ ಹೊತ್ತ ಸೈಕಲ್ಲು ಗಂಟೆಗೆ ಏಳೆಂಟು ಕಿಲೋಮೀಟರ್ ಹೋದರೆ ದೊಡ್ಡದು. ಅವನಿಗೂ ಸಂಜೆಗೊಂದು ಸೂರು ಬೇಕು.

ಐದು ದಿನದ ಸುತ್ತು

ಮಂಗಳೂರಿನಿಂದ ಹೊರಟು ಮಂಗಳೂರಿಗೇ ಬರುವ ಒಂದು ಸುತ್ತನ್ನು ನೋಡಿ. ಮೊದಲ ದಿನ ಬಂಟ್ವಾಳ, ಬೆಳ್ತಂಗಡಿ ದಾಟಿ ಉಜಿರೆ. ಸುಮಾರು 65 ಕಿಲೋಮೀಟರ್. ಎರಡನೆಯ ದಿನ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ. ದೂರ 40ರ ಆಸುಪಾಸು ಇರಬಹುದು, ಆದರೆ ಅರ್ಧಕ್ಕಿಂತ ಹೆಚ್ಚು ಏರು. ಮೂರನೆಯ ದಿನ ಕಾಫಿ ತೋಟಗಳ ನಡುವಿನ ದಾರಿ ಹಿಡಿದು ಕಳಸ. ನಾಲ್ಕನೆಯ ದಿನ ಸಂಸೆ, ಕುದುರೆಮುಖ ದಾಟಿ, ಕಾಡಿನೊಳಗಿಂದ ಮಾಳಕ್ಕೆ ಇಳಿದು ಕಾರ್ಕಳ. ಐದನೆಯ ದಿನ ಮೂಡುಬಿದಿರೆ ಮೇಲಾಗಿ ಮನೆ. ಒಟ್ಟು 300 ಕಿಲೋಮೀಟರಿನ ಒಳಗೆ.

ಈ ಸುತ್ತಿನಲ್ಲಿ ಏನುಂಟು, ಏನಿಲ್ಲ! ನೇತ್ರಾವತಿಯ ಬಯಲುಂಟು, ಶೋಲಾ ಕಾಡುಂಟು. ಭದ್ರೆ, ತುಂಗೆ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟಸಾಲುಂಟು. ಕುದುರೆಮುಖದ ಶಿಖರ 1,890 ಮೀಟರು ಮೀರಿದ್ದು. ಕಾರ್ಕಳದಲ್ಲಿ 1432ರ ಗೊಮ್ಮಟ, ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ. ದೂರದೇಶದವರು ವಿಮಾನ ಹತ್ತಿ ನೋಡಲು ಬರುವುದನ್ನು ಇಲ್ಲಿಯ ಮಕ್ಕಳು ಸ್ವಂತ ಕಾಲಿನ ಬಲದಲ್ಲಿ ಐದು ದಿನದಲ್ಲಿ ನೋಡಬಹುದು.

ಸ್ನೇಹಿತರ ಜೊತೆ ಹೋದರಂತೂ ಅದೊಂದು ಶಾಲೆಯೇ. ಗುಂಪಿನ ವೇಗ ಎಂದರೆ ಹಿಂದೆ ಬಿದ್ದವನ ವೇಗ. ಮುಂದೆ ಓಡಿದವನು ತಿರುವಿನಲ್ಲಿ ಕಾಯಲೇಬೇಕು. ಪಂಪು ಒಬ್ಬನಲ್ಲಿ, ಪಂಕ್ಚರ್ ಸಾಮಾನು ಇನ್ನೊಬ್ಬನಲ್ಲಿ. ಜಗಳವಾಡಿಕೊಂಡರೆ ಇಬ್ಬರೂ ದಾರಿಯಲ್ಲಿ ಬಾಕಿ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದೇ ಇಳಿದರೆ ಅದು ಕಾದು ಹಿಡಿತ ತಪ್ಪುತ್ತದೆ, ಬಿಟ್ಟು ಬಿಟ್ಟು ಹಿಡಿಯಬೇಕು. ಇದನ್ನೆಲ್ಲ ಯಾವ ಟ್ಯೂಶನ್ ಕ್ಲಾಸಿನಲ್ಲೂ ಕಲಿಸುವುದಿಲ್ಲ.

ಸಂಜೆ ಆರರ ಮೇಲೆ

ಹಗಲಿನ ಮಾತಾಯಿತು. ಸಂಜೆ ಆರರ ಮೇಲೆ?

ಉಜಿರೆಯಲ್ಲಿ, ಧರ್ಮಸ್ಥಳದಲ್ಲಿ ತೊಂದರೆಯಿಲ್ಲ. ಯಾತ್ರಿಕರಿಗೆಂದು ಇರುವ ವಸತಿ ಉಂಟು. ಕಾರ್ಕಳವೂ ದೊಡ್ಡ ಊರು. ತೊಂದರೆ ಇರುವುದು ನಡುವಿನ ರಾತ್ರಿಗಳಲ್ಲಿ, ಘಾಟಿಯ ಮೇಲೆ.

ಹೋಂಸ್ಟೇ ಇಲ್ಲವೇ ಎಂದು ಕೇಳಬಹುದು. ಧಾರಾಳ ಇವೆ. ಅವು ಬೆಂಗಳೂರಿನಿಂದ ಕಾರಿನಲ್ಲಿ ಬರುವವರ ಕಿಸೆ ನೋಡಿ ದರ ಕಟ್ಟಿದವು. ರಜೆಯ ದಿನಗಳಲ್ಲಿ ಮುಂಗಡ ತುಂಬಿರುತ್ತವೆ. ಕುದುರೆಮುಖದ ಭಗವತಿಯಲ್ಲಿ ಪ್ರಕೃತಿ ಶಿಬಿರ ಉಂಟು, ಹೆಬ್ರಿಯ ಹತ್ತಿರ ಸೀತಾನದಿಯಲ್ಲಿಯೂ ಉಂಟು. ಜಾಗ ಒಳ್ಳೆಯದೇ. ಆದರೆ ಕಾಲೇಜಿನ ಹುಡುಗನೋ, ಅಂಗಡಿಯಲ್ಲಿ ಸಂಬಳಕ್ಕಿರುವವನೋ ತನ್ನ ಕಿಸೆಯಿಂದ ಕೊಡುವಂಥ ದರವಲ್ಲ.

ಹಾಗಾದರೆ ಟೆಂಟು ಹೊಡೆದು ಕಾಡಿನ ಬದಿಯಲ್ಲಿ ಮಲಗಲಿ ಎಂದರೆ ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಚಾರ್ಮಾಡಿಯ ತಪ್ಪಲಿನಲ್ಲಿ ಆನೆ ತಿರುಗುತ್ತದೆ. ಮಳೆಗಾಲದಲ್ಲಿ ಇಂಬಳ. ಮಳೆ ಹೋದ ಮೇಲೆ ಉಣುಗು, ಅದರ ಹಿಂದೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ 1982ರಲ್ಲಿ ಬೆಳ್ತಂಗಡಿ ತಾಲೂಕಿಗೇ ಬಂದು ಎಷ್ಟೋ ಮನೆಗಳಲ್ಲಿ ಹಾಸಿಗೆ ಹಿಡಿಸಿದ್ದು ಹಿರಿಯರಿಗೆ ನೆನಪಿದೆ. ಉಣುಗಿನ ಕಾಲವೂ ಸೈಕಲ್ ಪ್ರವಾಸದ ಕಾಲವೂ ಹೆಚ್ಚು ಕಡಿಮೆ ಒಂದೇ. ತರಗೆಲೆಯ ಮೇಲೆ ಮಲಗುವುದಕ್ಕೂ ಸಿಮೆಂಟಿನ ನೆಲದಲ್ಲಿ ಒಂದು ಮಂಚದ ಮೇಲೆ ಮಲಗುವುದಕ್ಕೂ ಇರುವ ಅಂತರ ಸುಖದ್ದಲ್ಲ, ಜೀವದ್ದು.

ಕುದುರೆಮುಖದ ಕಾಡಿನಲ್ಲಿ ಇನ್ನೊಂದು ತಾಪತ್ರಯ. ಅದು 1987ರಿಂದ ರಾಷ್ಟ್ರೀಯ ಉದ್ಯಾನ. ದಾರಿಯಲ್ಲಿ ಗೇಟುಗಳು, ಗೇಟಿನಲ್ಲಿ ವಾಹನದ ಹೊತ್ತು ಬರೆದುಕೊಳ್ಳುವ ಕ್ರಮ. ಪ್ರಾಣಿಗಳ ಹಿತಕ್ಕೆ ಅದು ಬೇಕು, ತಕರಾರಿಲ್ಲ. ಆದರೆ ಕಾರಿನ ಹೊತ್ತೇ ಬೇರೆ, ಪೆಡಲಿನ ಹೊತ್ತೇ ಬೇರೆ. ಮಧ್ಯಾಹ್ನದ ಮೇಲೆ ಒಂದು ಚೈನು ಕಡಿದರೆ ಆ ಹುಡುಗರು ಕತ್ತಲಾಗುವುದರೊಳಗೆ ಕಾಡು ದಾಟುವುದು ಹೇಗೆ? ದಾಟದಿದ್ದರೆ ನಿಲ್ಲುವುದು ಎಲ್ಲಿ?

ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ, ಮುಚ್ಚಿದ ಅಂಗಡಿಯ ಜಗಲಿಯಲ್ಲಿ. ಉತ್ತರ ಇಷ್ಟೇ. ಅಂಗಡಿಯವನು ಒಳ್ಳೆಯವನಾದರೆ ಒಂದು ಗೋಣಿ ಕೊಟ್ಟಾನು.

ಹೆಸರು ಪ್ರವಾಸಿ ಮಂದಿರ

ಇನ್ನು ಬಂಗಲೆಗಳ ವಿಷಯಕ್ಕೆ ಬರೋಣ. ತಾಲೂಕು ತಾಲೂಕಿಗೂ ಲೋಕೋಪಯೋಗಿ ಇಲಾಖೆಯ ಒಂದು ಕಟ್ಟಡ. ಹಂಚಿನ ಮಾಡು, ಅಗಲ ಜಗಲಿ, ಅಂಗಳದಲ್ಲಿ ಹಳೆಯ ಮಾವಿನ ಮರ. ಬೋರ್ಡಿನಲ್ಲಿ ದೊಡ್ಡಕ್ಷರ: ಪ್ರವಾಸಿ ಮಂದಿರ. ಆದರೆ ಪ್ರವಾಸಿ ಬಂದರೆ ಒಳಗೆ ಬಿಡುವುದಿಲ್ಲ! ಬಿಟ್ಟರೂ ಮೊದಲು ಅರ್ಜಿ, ಆಮೇಲೆ ಸಾಹೇಬರ ರುಜು, ಆಮೇಲೆ ಯಾವುದೋ ಸಚಿವರ ಕಾರು ಬಂದರೆ ಮಧ್ಯರಾತ್ರಿಯಲ್ಲಾದರೂ ಜಾಗ ಖಾಲಿ. ವರ್ಷದ ಹೆಚ್ಚಿನ ದಿನ ಕೋಣೆಗಳಿಗೆ ಬೀಗ. ಕಾವಲಿನವನಿಗೆ ಸಂಬಳ, ಹಂಚಿಗೆ ದುರಸ್ತಿ, ಸುಣ್ಣಬಣ್ಣ ಎಲ್ಲವೂ ಜನರ ತೆರಿಗೆಯಿಂದ.

ಇಲಾಖೆಯ ಕಟ್ಟಡ ಮಾತ್ರವಲ್ಲ. ಘಾಟಿಯ ಕೆಳಗೂ ಮೇಲೂ ಮಕ್ಕಳಿಲ್ಲದೆ ಬಾಗಿಲು ಹಾಕಿದ ಸರಕಾರಿ ಶಾಲೆಗಳುಂಟು. ಗೋಡೆಯ ಮೇಲೆ ಮಗ್ಗಿ ಇನ್ನೂ ಮಾಸಿಲ್ಲ, ಬೆಂಚನ್ನು ಗೆದ್ದಲು ತಿನ್ನುತ್ತಿದೆ. ಕುದುರೆಮುಖದ ಪೇಟೆಯನ್ನೇ ನೋಡಿ. 1976ರಲ್ಲಿ ಕಬ್ಬಿಣದ ಅದಿರಿನ ಕಂಪೆನಿ ಸ್ಥಾಪನೆಯಾಯಿತು. ಕಾಡಿನ ನಡುವೆ ಒಂದು ಊರೇ ಎದ್ದಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಜನ ಗಂಟುಮೂಟೆ ಕಟ್ಟಿದರು. ಕ್ವಾರ್ಟರ್ಸುಗಳು ಸಾಲು ಸಾಲಾಗಿ ಖಾಲಿ ಬಿದ್ದವು. ಒಂದು ಕಡೆ ಸೂರಿಲ್ಲದ ಪ್ರವಾಸಿ, ಇನ್ನೊಂದು ಕಡೆ ಪ್ರವಾಸಿಯಿಲ್ಲದ ಸೂರು. ನಡುವೆ ಒಂದು ಬೀಗ.

ಹೊರಗೆ ಹೇಗೆ ನಡೆಯುತ್ತದೆ?

ಅಮೆರಿಕದ ಕೊಲರಾಡೊ ರಾಜ್ಯದ ಟೆಲ್ಯುರೈಡ್ ಎಂಬ ಬೆಟ್ಟದೂರಿನಿಂದ ಯೂಟಾ ರಾಜ್ಯದ ಮೋಆಬ್ ಎಂಬ ಊರಿಗೆ ಸುಮಾರು 215 ಮೈಲಿನ ಕಾಡುದಾರಿ. ಸೈಕಲ್ಲಿನವರು ಏಳು ದಿನದಲ್ಲಿ ಹೋಗುತ್ತಾರೆ. ನಡುವೆ ಆರು ರಾತ್ರಿಗೆ ಆರು ಗುಡಿಸಲು. ಅರಮನೆಯಲ್ಲ. ಎಂಟು ಜನ ಮಲಗುವ ಮರದ ಕೋಣೆ, ಒಲೆ, ನೀರು, ಬೇಯಿಸಿಕೊಳ್ಳಲು ದಿನಸಿ, ಹೊದೆಯಲು ಬೆಚ್ಚಗಿನ ಚೀಲ. ಬಂದವರೇ ಬೇಯಿಸಿ, ಗುಡಿಸಿ, ಪಾತ್ರೆ ತೊಳೆದಿಟ್ಟು ಹೋಗಬೇಕು. ಅಷ್ಟೇ. ಒಂದು ದಿನದ ಪೆಡಲಿಗೆ ಒಂದು ಸೂರು ಎಂಬ ಲೆಕ್ಕ. ಚಾರ್ಮಾಡಿ ಘಾಟಿಯ ಗಾಡಿಯವರಿಗೆ ಗೊತ್ತಿದ್ದ ಲೆಕ್ಕವೇ ಅದು.

ಜರ್ಮನಿಯ ಕತೆ ಇನ್ನೂ ಹತ್ತಿರದ್ದು. 1909ರಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಸ್ಟ್ರು ಮಕ್ಕಳನ್ನು ಕಟ್ಟಿಕೊಂಡು ದಿನಗಟ್ಟಲೆಯ ನಡಿಗೆಗೆ ಹೊರಟಿದ್ದರು. ಗುಡುಗು ಮಳೆಗೆ ಸಿಕ್ಕಿಬಿದ್ದು ರಾತ್ರಿ ಒಂದು ಖಾಲಿ ಶಾಲೆಯಲ್ಲಿ ಕಳೆದರು. ಮಕ್ಕಳು ಮಲಗಿದ ಮೇಲೆ ಮೇಸ್ಟ್ರಿಗೆ ಹೊಳೆಯಿತು: ರಜೆಯಲ್ಲಿ ಖಾಲಿ ಬೀಳುವ ಶಾಲೆಗಳೇ ಊರೂರಿಗೆ ಒಂದೊಂದು ತಂಗುದಾಣ ಆಗಬಾರದೇಕೆ? 1912ರಲ್ಲಿ ಅಲ್ಟೇನಾ ಕೋಟೆಯಲ್ಲಿ ಅವರ ಮೊದಲ ಶಾಶ್ವತ ಯೂತ್ ಹಾಸ್ಟೆಲು ತೆರೆಯಿತು. ಇವತ್ತು ದೇಶದೇಶಗಳಲ್ಲಿ ಯೂತ್ ಹಾಸ್ಟೆಲು ಎಂದು ಇರುವುದಕ್ಕೆಲ್ಲ ಬೀಜ ಆ ಮಳೆಯ ರಾತ್ರಿ. ಖಾಲಿ ಶಾಲೆಗೆ ಇಲ್ಲಿಯೂ ಬರವಿಲ್ಲ, ಮಳೆಗಂತೂ ಇಲ್ಲವೇ ಇಲ್ಲ. ಬರ ಇರುವುದು ಮನಸ್ಸಿಗೆ.

ಶಿವರಾತ್ರಿಗೆ ಆಗುವುದು ವರ್ಷವಿಡೀ ಆಗದೇ?

ದೂರದ ಉದಾಹರಣೆ ಬೇಡ ಎನ್ನುವವರು ಚಾರ್ಮಾಡಿಯನ್ನೇ ನೋಡಲಿ. ಪ್ರತಿವರ್ಷ ಶಿವರಾತ್ರಿಯ ಮೊದಲು ಘಟ್ಟದ ಮೇಲಿನ ಜಿಲ್ಲೆಗಳಿಂದ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಧರ್ಮಸ್ಥಳಕ್ಕೆ ಇಳಿಯುತ್ತಾರೆ. ಆಗ ನೋಡಬೇಕು ದಾರಿಬದಿಯ ಊರುಗಳನ್ನು! ಒಬ್ಬರು ಊಟ, ಇನ್ನೊಬ್ಬರು ಮಜ್ಜಿಗೆ, ಮತ್ತೊಬ್ಬರು ಕಾಲಿಗೆ ಹಚ್ಚಲು ಎಣ್ಣೆ. ಅಂಗಡಿಯ ಜಗಲಿ, ಶಾಮಿಯಾನ, ತೋಟದ ಶೆಡ್ಡು ಎಲ್ಲವೂ ತಂಗುದಾಣ. ಯಾರೂ ಅರ್ಜಿ ಕೇಳುವುದಿಲ್ಲ, ಯಾರ ರುಜುವೂ ಬೇಡ.

ಕುಮಾರಪರ್ವತದ ದಾರಿಯ ಗಿರಿಗದ್ದೆಯಲ್ಲಿ ಭಟ್ಟರ ಮನೆ ಎಂದರೆ ಚಾರಣಿಗರಿಗೆಲ್ಲ ಗೊತ್ತು. ದಶಕಗಳ ಕಾಲ ಅಲ್ಲಿ ಬಿಸಿ ಅನ್ನ ಸಾರು ಸಿಕ್ಕಿದ್ದರಿಂದಲೇ ಎಷ್ಟೋ ಜನ ಗುಡ್ಡ ಹತ್ತಿ ಸುರಕ್ಷಿತವಾಗಿ ಇಳಿದರು. ಅದನ್ನು ಯಾವ ಇಲಾಖೆಯೂ ಕಟ್ಟಿದ್ದಲ್ಲ. ಗುಡ್ಡದಲ್ಲಿ ಒಂದು ಮನೆ, ಒಲೆಯ ಮೇಲೆ ಒಂದು ಪಾತ್ರೆ. ಇಷ್ಟೇ ಸಾಕಾಯಿತು.

ಅಂದರೆ ಆತಿಥ್ಯ ಈ ನೆಲಕ್ಕೆ ಗೊತ್ತಿಲ್ಲದ್ದಲ್ಲ. ಗೊತ್ತಿಲ್ಲದಿರುವುದು ಕಚೇರಿಗಳಿಗೆ.

ಅಂಗಡಿಯವರ ಲೆಕ್ಕ

"ಸೈಕಲ್ಲಿನವರು ಬಂದರೆ ಊರಿಗೆ ಎಂತ ಲಾಭ?" ಎಂದು ಪೇಟೆಯವರು ಕೇಳುವುದು ನ್ಯಾಯವೇ. ವ್ಯಾಪಾರಿ ಲೆಕ್ಕ ಕೇಳದೆ ಮತ್ತೇನು ಕೇಳಬೇಕು?

ಲೆಕ್ಕ ಹೀಗಿದೆ. ಕಾರಿನವನು ನೀರಿನ ಬಾಟಲಿಯಿಂದ ಹಿಡಿದು ಚಿಪ್ಸಿನ ಪೊಟ್ಟಣದ ತನಕ ಪೇಟೆಯಿಂದಲೇ ತುಂಬಿಸಿಕೊಂಡು ಬರುತ್ತಾನೆ. ಘಾಟಿಯ ಅಂಗಡಿಗೆ ಅವನು ಕೊಡುವುದು ಹೊಗೆ ಮತ್ತು ಖಾಲಿ ಬಾಟಲಿ. ಸೈಕಲ್ಲಿನವನಿಗೆ ಹೊರುವ ಹಾಗಿಲ್ಲ. ಒಂದು ಕಿಲೋ ಹೆಚ್ಚಾದರೂ ಏರಿನಲ್ಲಿ ಕಾಲು ಹೇಳುತ್ತದೆ. ಅವನು ದಾರಿಯಲ್ಲೇ ಕೊಳ್ಳಬೇಕು, ಮತ್ತೆ ಮತ್ತೆ ಕೊಳ್ಳಬೇಕು. ಬಂಟ್ವಾಳದಲ್ಲಿ ಬನ್ಸು, ಬೆಳ್ತಂಗಡಿಯಲ್ಲಿ ಬೊಂಡ, ಉಜಿರೆಯಲ್ಲಿ ಊಟ, ಚಾರ್ಮಾಡಿಯಲ್ಲಿ ಬಾಳೆಹಣ್ಣು, ಕೊಟ್ಟಿಗೆಹಾರದಲ್ಲಿ ನೀರುದೋಸೆ. ಹೊಟ್ಟೆಗೆ ಹಾಕದಿದ್ದರೆ ಪೆಡಲು ತಿರುಗುವುದಿಲ್ಲ. ಮುಂದೆ ಟ್ಯೂಬು, ಬ್ರೇಕು, ಪಂಕ್ಚರು. ರಾತ್ರಿ ನಿಂತರೆ ಊಟದ ಹಣ ಆ ಊರಿನ ಮನೆಗೆ. ದೊಡ್ಡ ನೋಟಲ್ಲ, ಸಣ್ಣ ನೋಟು. ಆದರೆ ಒಬ್ಬ ರಿಸಾರ್ಟಿನವನ ಗಲ್ಲಕ್ಕೆ ಹೋಗದೆ ಇಪ್ಪತ್ತು ಅಂಗಡಿಗೆ ಹಂಚಿ ಹೋಗುತ್ತದೆ.

ಘಾಟಿ ಮುಚ್ಚಿದರೆ ಈ ಊರುಗಳ ಗತಿ ಏನೆಂದು 2019ರ ಆಗಸ್ಟಿನಲ್ಲಿ ಗೊತ್ತಾಗಿದೆ. ಚಾರ್ಮಾಡಿ ಜರಿದು ಸಂಚಾರ ನಿಂತಾಗ ದಾರಿಬದಿಯ ಅಂಗಡಿಗಳು ನೊಣ ಹೊಡೆದವು. ಹಾದುಹೋಗುವ ವಾಹನವನ್ನೇ ನಂಬಿದ ಪೇಟೆಗೆ ನಿಲ್ಲುವ ಗಿರಾಕಿ ಎಷ್ಟು ಬೇಕೆಂದು ಅವರನ್ನೇ ಕೇಳಬೇಕು.

ಆಕ್ಷೇಪಕ್ಕೆ ಉತ್ತರ

ವಿರೋಧ ಮಾತಾಡುವವರ ಮಾತಿನಲ್ಲೂ ಹುರುಳುಂಟು. ತಂಗುದಾಣ ತೆರೆದರೆ ಕುಡುಕರ ಅಡ್ಡೆಯಾಗುತ್ತದೆ, ಕಾಡಿನಲ್ಲಿ ಕಸ ತುಂಬುತ್ತದೆ ಎನ್ನುತ್ತಾರೆ. ಸುಳ್ಳಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ನುಗ್ಗಿದ ಜನಜಾತ್ರೆಯನ್ನು ರಾಜ್ಯವೇ ನೋಡಿತು. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಲಗಾಮು ಹಾಕಿ, ಮೊದಲೇ ಹೆಸರು ಬರೆಸಿದವರಿಗೆ ಮಾತ್ರ, ಲೆಕ್ಕದ ಜನಕ್ಕೆ ಮಾತ್ರ ಎಂದು ಕ್ರಮ ಮಾಡಿತು. ಸರಿಯಾದ ಕ್ರಮವೇ.

ಅದೇ ಕ್ರಮ ಇಲ್ಲಿಗೂ ಇರಲಿ. ಒಂದು ಸೂರಿಗೆ ಎಂಟು ಜನ ಎಂದರೆ ಎಂಟೇ ಜನ. ಸೈಕಲ್ಲಿನಲ್ಲೋ ನಡೆದೋ ಬಂದವರಿಗೆ ಮಾತ್ರ ಬಾಗಿಲು, ಕಾರಿನವರಿಗೆ ಇಲ್ಲ. ಬಾಟಲಿ ಕಂಡರೆ ಹೊರಗೆ. ತಂದ ಕಸ ತಿರುಗಿ ಒಯ್ಯಬೇಕು. ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯ ಇರುವಾಗ ಮತ್ತು ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯ ಇರುವಾಗ ಪೂರ್ತಿ ಬಂದ್. ಇಪ್ಪತ್ತು ಕಿಲೋ ಗಂಟು ಕಟ್ಟಿಕೊಂಡು ಚಾರ್ಮಾಡಿ ಹತ್ತಿದವನಿಗೆ ಸಂಜೆ ಎಂಟಕ್ಕೆ ಕಣ್ಣು ತೆರೆದಿಡುವುದೇ ಕಷ್ಟ, ಅವನು ಗಲಾಟೆ ಮಾಡುವುದು ಎಲ್ಲಿಂದ? ಗಲಾಟೆ ಮಾಡುವವರು ಯಾವುದರಲ್ಲಿ ಬರುತ್ತಾರೆಂದು ಘಾಟಿಯ ಚೆಕ್‌ಪೋಸ್ಟಿನವರಿಗೆ ಚೆನ್ನಾಗಿ ಗೊತ್ತುಂಟು.

ಹಣ ಎಲ್ಲಿಂದ ಎಂಬುದು ಎರಡನೆಯ ಆಕ್ಷೇಪ. ಹೊಸದಾಗಿ ಒಂದು ಕಲ್ಲೂ ಇಡಬೇಕಾಗಿಲ್ಲ. ಇಟ್ಟರೆ ಗುತ್ತಿಗೆದಾರನಿಗೆ ಹಬ್ಬ, ಹುಡುಗರಿಗೆ ಅದೇ ಜಗಲಿ. ಇರುವ ಕಟ್ಟಡದ ಹಂಚು ಸರಿ ಮಾಡಿ, ಎಂಟು ಮಂಚ, ಒಂದು ಶೌಚಾಲಯ, ಒಂದು ಬಲ್ಬು, ಸೈಕಲ್ಲು ಕಟ್ಟಲು ಒಂದು ಕಬ್ಬಿಣದ ಸಲಾಕೆ. ನಡೆಸುವ ಹೊಣೆ ಗ್ರಾಮ ಪಂಚಾಯಿತಿಗೆ, ಊಟದ ಹೊಣೆ ಊರಿನ ಸ್ತ್ರೀಶಕ್ತಿ ಗುಂಪಿಗೆ. ತಂಗಿದವರು ಬಾಡಿಗೆ ಕೊಡಲಿ, ಧರ್ಮಕ್ಕೆ ಬೇಡ.

ಮೂವರು ಸಾಹೇಬರು, ಒಂದು ದಾರಿ

ಮೂರನೆಯ ತೊಡಕೇ ದೊಡ್ಡದು. ಈ ಸುತ್ತಿನ ಒಂದು ತುದಿ ದಕ್ಷಿಣ ಕನ್ನಡ, ನಡು ಚಿಕ್ಕಮಗಳೂರು, ಇನ್ನೊಂದು ತುದಿ ಉಡುಪಿ ಜಿಲ್ಲೆ. 1997ರಲ್ಲಿ ಉಡುಪಿ ಬೇರೆಯಾದ ಮೇಲೆ ಕಾರ್ಕಳಕ್ಕೆ ಬೇರೆ ಸಾಹೇಬರು. ಮೂವರು ಜಿಲ್ಲಾಧಿಕಾರಿಗಳು. ಅದರ ಮೇಲೆ ಅರಣ್ಯ, ಲೋಕೋಪಯೋಗಿ, ಶಿಕ್ಷಣ, ಪ್ರವಾಸೋದ್ಯಮ, ಹೆದ್ದಾರಿ. ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದರೊಳಗೆ ಈಗಿನ ಹುಡುಗರಿಗೆ ಮೊಮ್ಮಕ್ಕಳಾದಾರು.

ಹಾಗಾಗಬಾರದೆಂದಿದ್ದರೆ ಮೂವರೂ ಒಂದು ದಿನ ಒಂದೇ ಮೇಜಿಗೆ ಕೂರಬೇಕು. ಕೇಳುತ್ತಿರುವುದು ಐದೇ ಸಂಗತಿ. ಈ ದಾರಿಯಲ್ಲಿ ಬೀಗ ಬಿದ್ದಿರುವ ಸರಕಾರಿ ಕಟ್ಟಡಗಳ ಪಟ್ಟಿ ಮಾಡಿ ಪ್ರಕಟಿಸಲಿ. ಮೊದಲಿಗೆ ಮೂರೇ ಮೂರು ಸೂರು, ಕೊಟ್ಟಿಗೆಹಾರದ ಬಳಿ ಒಂದು, ಕಳಸದ ಬಳಿ ಒಂದು, ಕುದುರೆಮುಖದಲ್ಲಿ ಒಂದು, ಒಂದು ವರ್ಷದ ಮಟ್ಟಿಗೆ ತೆರೆದು ನೋಡಲಿ. ಕಾಡಿನ ಗೇಟಿನಲ್ಲಿ ಸೈಕಲ್ಲಿಗೆ ಸೈಕಲ್ಲಿನದೇ ಹೊತ್ತು ಕೊಡಲಿ, ಮಧ್ಯಾಹ್ನದ ಮೇಲೆ ಒಳಗೆ ಬಿಡದಿರಲಿ. ಹೆದ್ದಾರಿ 73ರಲ್ಲಿ ಅಗಲ ಮಾಡುವಲ್ಲೆಲ್ಲ ಚರಂಡಿಯ ಇತ್ತ ಕಡೆ ಎರಡು ಮೊಳ ಗಟ್ಟಿ ಅಂಚು ಬಿಡಲಿ. ಕೊನೆಯದಾಗಿ, ಮಧ್ಯದಲ್ಲಿ ಸೋತವನು ಸೈಕಲ್ಲಿನ ಸಮೇತ ಬಸ್ಸು ಹತ್ತಿ ಮನೆಗೆ ಬರುವ ಹಾಗೆ ಘಾಟಿಯ ಬಸ್ಸುಗಳಲ್ಲಿ ಒಂದು ವ್ಯವಸ್ಥೆ ಇರಲಿ. ಹಿಂದೆ ಟಾಪಿನ ಮೇಲೆ ಅಕ್ಕಿಮೂಟೆ, ಕೋಳಿಬುಟ್ಟಿ, ಸೈಕಲ್ಲು ಎಲ್ಲ ಹೋಗುತ್ತಿರಲಿಲ್ಲವೇ? ಅದಕ್ಕೊಂದು ದರ ಕಟ್ಟಿದರಾಯಿತು.

ಬಸ್ಸಿನಲ್ಲಿ ಕೂತವರಿಗೂ ಒಂದು ಮಾತು. ಡ್ರೈವರು ತಿರುವಿನಲ್ಲಿ ಸೈಕಲ್ಲಿನ ಕಿವಿಯ ಹತ್ತಿರ ಹಾರ್ನು ಒತ್ತಿ ಹಿಡಿದರೆ ನಗಬೇಡಿ, ಬೇಡ ಎನ್ನಿ. ಅಂಚಿನ ಆಚೆ ಪ್ರಪಾತ ಇರುವುದು ಅವರಿಗೂ ಬಸ್ಸಿಗೂ ಒಂದೇ.

ಮಕ್ಕಳು ಹಗಲೂ ರಾತ್ರಿ ಮೊಬೈಲು ಹಿಡಿದು ಮೂಲೆ ಸೇರಿದ್ದಾರೆಂದು ಗೋಳಾಡುವ ಊರಿದು. ಅವರಲ್ಲಿ ನಾಲ್ಕು ಜನ ಎದ್ದು, ಸ್ವಂತ ಬೆವರಿನಲ್ಲಿ ತಮ್ಮ ನಾಡಿನ ಬೆಟ್ಟ ನೋಡಲು ಹೊರಟಿದ್ದಾರೆ. ಅವರಿಗೆ ಸನ್ಮಾನ ಬೇಡ, ಶಾಲು ಬೇಡ, ಫ್ಲೆಕ್ಸು ಬೇಡ. ರಾತ್ರಿ ಒಂಬತ್ತು ಗಂಟೆಗೆ ಕೊಟ್ಟಿಗೆಹಾರದ ಚಳಿಯಲ್ಲಿ ಒಂದು ಬಾಗಿಲು ತಟ್ಟಿದರೆ ಅದು ತೆರೆಯಬೇಕು. ಬೀಗದ ಕೀ ಇರುವುದು ಸರಕಾರದ ಮೇಜಿನ ಡ್ರಾವರಿನಲ್ಲಿ. ಮೂವರು ಜಿಲ್ಲಾಧಿಕಾರಿಗಳಲ್ಲಿ ಮೊದಲು ಡ್ರಾವರು ಎಳೆಯುವವರು ಯಾರು?